ತೊಟ್ಟಿಲಿಗೆ ಅಜ್ಜಿಯ ಹೆಸರು

ಹಿರೇಕೊಳದ ಬಮ್ಮರಸರ ಆಸ್ಥಾನದಲ್ಲಿ ನಾನು ಮಹಾ ಜಾಣ. ಹಾಗೆಂದು ಮೊದಲು ಹೇಳಿದವನೂ ನಾನೇ. ಯಾರೂ ಅಲ್ಲಗಳೆಯಲಿಲ್ಲವಾದ್ದರಿಂದ ಅದೇ ಉದ್ಯೋಗವಾಯಿತು.

ಹೆಸರು ತಿಪ್ಪಣ್ಣ. ನನಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಟ್ಟರಂತೆ. ದೃಷ್ಟಿ ತಾಕಲಿಲ್ಲ. ತಾಕುವಷ್ಟು ಚೆಲುವೂ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಇಂಥವನಿಗೆ ಅರಮನೆಯ ಕೂಸಿಗೆ ಹೆಸರು ಆರಿಸುವ ಕೆಲಸ ಬಿತ್ತೆಂದರೆ ಅದಕ್ಕೆ ನನ್ನ ನಾಲಿಗೆಯೇ ಕಾರಣ.

ತುಂಬಿದ ಸಭೆಯಲ್ಲಿ ಒಂದು ದಿನ, "ನಾನು ಬಿಡಿಸಲಾರದ ಗಂಟು ಈ ಸೀಮೆಯಲ್ಲೇ ಇಲ್ಲ" ಎಂದುಬಿಟ್ಟೆ.

ಅರಸರು ನೆಟ್ಟಗೆ ಕೂತರು. "ಹೌದೇ? ಹಾಗಾದರೆ ಒಂದು ಗಂಟು ನಮ್ಮ ತೊಟ್ಟಿಲಲ್ಲೇ ಮಲಗಿದೆ, ತಿಪ್ಪಣ್ಣ. ಮಗಳಿಗೆ ತಮ್ಮ ಹೆಸರನ್ನೇ ಇಡಬೇಕೆಂದು ನಮ್ಮ ತಾಯಿ ಜಕ್ಕಣಬ್ಬೆಯವರು ಹಟ ಹಿಡಿದಿದ್ದಾರೆ. ಬಾಣಂತನಕ್ಕೆಂದು ಬಂದ ನಮ್ಮ ಅತ್ತೆ ಬಾಚಲದೇವಿಯವರು ತಮ್ಮ ಹೆಸರೇ ಆಗಬೇಕೆನ್ನುತ್ತಾರೆ."

ಎರಡೂ ಹಳೇ ಕಾಲದ ಹೆಸರುಗಳು. ಕೆರೆ ಏರಿಯ ಶಾಸನದ ಕಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಾಣಿಸುತ್ತಿರಲಿಲ್ಲ.

"ಎರಡನ್ನೂ ಸೇರಿಸಿ ಇಟ್ಟರೆ..." ಎಂದೆ.

"ಯಾವುದು ಮುಂದೆ, ಯಾವುದು ಹಿಂದೆ ಎಂದು ಇನ್ನೊಂದು ಯುದ್ಧವಾಗುತ್ತದೆ. ಒಂದೇ ಹೆಸರಿಡಬೇಕು, ಇಬ್ಬರೂ ಗೆಲ್ಲಬೇಕು. ಶುಕ್ರವಾರ ತೊಟ್ಟಿಲ ಶಾಸ್ತ್ರ. ಅಷ್ಟರಲ್ಲಿ ಆಗದಿದ್ದರೆ ನಿನ್ನ ಪೇಟ ಇಳಿಸಿ ಆನೆಯ ಲಾಯಕ್ಕೆ ಕಳಿಸುತ್ತೇನೆ. ಅಲ್ಲಿ ಲದ್ದಿ ಬಾಚಲು ಆಳು ಸಾಲದು."

"ಹೆಸರಿಗೆ ತಕ್ಕ ಕೆಲಸ" ಎಂದು ಹಿಂದಿನಿಂದ ಯಾರೋ ನಕ್ಕರು.

ಸಂಜೆ ಜಕ್ಕಣಬ್ಬೆಯವರು ಮನೆಗೆ ಹೋಳಿಗೆ ಕಳಿಸಿದರು. ಅದರ ಬೆನ್ನಿಗೇ ಬಾಚಲದೇವಿಯವರ ಹೋಳಿಗೆಯೂ ಬಂತು. ನಾನು ಪಕ್ಷಪಾತ ಮಾಡುವವನಲ್ಲ. ಎರಡನ್ನೂ ತಿಂದೆ. ಹೊಟ್ಟೆ ತುಂಬಿತೇ ಹೊರತು ತಲೆ ಖಾಲಿಯೇ ಉಳಿಯಿತು.

ಮರುದಿನ ಬೆಳಿಗ್ಗೆ ಪೇಟವನ್ನು ಕೊನೆಯ ಸಲವೆಂಬಂತೆ ನೋಡುತ್ತ ಕೂತಿದ್ದಾಗ, ಅಡುಗೆಮನೆಯಿಂದ ಹೆಂಡತಿಯ ಕೂಗು ಕೇಳಿಸಿತು. "ಲೇ ಮಾಳವ್ವಾ, ತಿನ್ನೋಕೆ ಮುಂದು, ಕೆಲಸಕ್ಕೆ ಹಿಂದು! ಎಷ್ಟು ಹೊತ್ತು ಬಿದ್ಕೊಂಡಿರ್ತೀಯೇ?"

ಜಗಲಿಯಿಂದ ನನ್ನ ತಾಯಿ ಕೇಳಿದಳು: "ಯಾರಿಗೇ ಅಂದದ್ದು?"

"ಮೊಮ್ಮಗಳಿಗೆ, ಅತ್ತೆ. ನಿಮಗಂತೀನಾ?" ಹೆಂಡತಿಯ ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು.

ನನ್ನ ತಾಯಿಯ ಹೆಸರು ಮಾಳವ್ವ. ಮಗಳಿಗೂ ಅದನ್ನೇ ಇಟ್ಟಿದ್ದೇವೆ. ನಮ್ಮಲ್ಲಿ ಸೊಸೆ ಅತ್ತೆಯ ಹೆಸರು ಹೇಳುವಂತಿಲ್ಲ. ಹೆತ್ತ ಮಗಳ ಹೆಸರನ್ನು ಮಾತ್ರ ಹೇಗೆ ಬೇಕಾದರೂ ಕೂಗಬಹುದು. ವರ್ಷಗಟ್ಟಲೆ ಈ ಬೈಗುಳ ಕೇಳುತ್ತಿದ್ದರೂ ಅದರ ರುಚಿ ನನಗೆ ತಿಳಿದದ್ದು ಆವತ್ತೇ. ಸೀಮೆಗೆಲ್ಲ ಜಾಣನಾದರೂ ನನ್ನ ಬುದ್ಧಿ ಬೇಯುವುದು ಹೆಂಡತಿಯ ಒಲೆಯ ಮೇಲೆ.

ಅರಮನೆಗೆ ಓಡಿದೆ. "ಪ್ರಭು, ಗಡಿಗೆಯನ್ನೂ ತಟ್ಟಿ ನೋಡಿ ಕೊಳ್ಳುತ್ತೇವೆ. ಹೆಸರನ್ನು ಕೂಗಿ ನೋಡಬೇಡವೇ?"

ಅಜ್ಜಿಯರಿಬ್ಬರೂ ತೊಟ್ಟಿಲ ಅತ್ತ ಇತ್ತ ಬಂದು ಕೂತರು. ರಾಣಿ ಗೋಡೆಗೆ ಒರಗಿದ್ದರು. ಕೂಸಿನ ದಾದಿ ಕಲ್ಲವ್ವನ ಗಂಟಲು ಕೋಟೆಯ ಕಹಳೆಗಿಂತ ಜೋರು. "ಮಗು ಬೆಳೆಯುವಾಗ ಹೇಗೆ ಕರೆಯುತ್ತೀಯೋ ಹಾಗೇ ಕರೆಯಮ್ಮ" ಎಂದೆ.

ಕಲ್ಲವ್ವ ಸೆರಗು ಸಿಕ್ಕಿಸಿದಳು. "ಏ ಜಕ್ಕಣಬ್ಬೇ! ಮತ್ತೆ ಒದ್ದೆ ಮಾಡ್ಕೊಂಡೆಯೇನೇ? ಯಾರೇ ತೊಳೀಬೇಕು ನಿನ್ನ?"

ಜಕ್ಕಣಬ್ಬೆಯವರು ಕೂತಲ್ಲೇ ಬೆಚ್ಚಿಬಿದ್ದರು. ಬಾಚಲದೇವಿಯವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

"ಏ ಬಾಚಲದೇವೀ! ಬಾಯಲ್ಲಿ ಒಂದು ಹಲ್ಲಿಲ್ಲ, ಗಲಾಟೆ ಮಾತ್ರ ಊರಿಗಾಗುವಷ್ಟು!"

ನಿಜವಾಗಿಯೂ ಹಲ್ಲಿಲ್ಲದ ಬಾಚಲದೇವಿಯವರು ಸಿಡಿದೆದ್ದರು. "ನನ್ನ ಹೆಸರು ಬೇಡವೇ ಬೇಡ! ಬೀಗಿತ್ತಿಯವರದೇ ಇಡಿ. ಹಿರಿಯರು."

"ಛೆ, ಎಲ್ಲಾದರೂ ಉಂಟೇ? ಬಾಣಂತನ ಮಾಡಿದವರು ಅವರು. ಅವರದೇ ಇಡಿ!" ಎಂದರು ಜಕ್ಕಣಬ್ಬೆಯವರು.

ಅರಸರು ಹಣೆ ಚಚ್ಚಿಕೊಂಡರು. "ಜಗಳ ಮಗ್ಗುಲು ಬದಲಿಸಿತು, ಅಷ್ಟೇ! ನಿನ್ನ ಪೇಟ ಕೊಡು ಇತ್ತ."

ನಿಜ ಹೇಳುತ್ತೇನೆ, ನನ್ನ ಉಪಾಯ ಅಲ್ಲಿಗೇ ಮುಗಿದಿತ್ತು. ಹೆದರಿಕೆಯಿಂದ ಕೈ ಪೇಟಕ್ಕೆ ಹೋದಾಗಲೇ ಅದರಡಿಯ ತಲೆ ಓಡಿತು.

"ಪ್ರಭು, ಇನ್ನು ಯಾವುದನ್ನಿಟ್ಟರೂ ಇಬ್ಬರೂ ಗೆದ್ದಂತೆಯೇ! ಒಬ್ಬರಿಗೆ ನಿನ್ನೆ ಕೇಳಿದ್ದು ಸಿಗುತ್ತದೆ, ಇನ್ನೊಬ್ಬರಿಗೆ ಇವತ್ತು ಕೇಳಿದ್ದು."

ಅರಸರು ಕಣ್ಣರಳಿಸಿದರು. "ಹಾಗಾದರೆ ಯಾವುದು?"

"ಹೆತ್ತವರನ್ನು ಇನ್ನೂ ಯಾರೂ ಕೇಳಿಲ್ಲ" ಎಂದೆ.

ರಾಣಿ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು: "ಅತ್ತೆಯವರ ಹೆಸರೇ ಇರಲಿ. ದಿನಕ್ಕೆ ನೂರು ಸಲ ಅದನ್ನು ಕರೆಯುವ ಭಾಗ್ಯ ನನಗಿರಲಿ."

ಜಕ್ಕಣಬ್ಬೆಯವರ ಕಣ್ಣು ತುಂಬಿ ಬಂತು. "ದಾದಿಯ ಬಾಯಲ್ಲಿ ಬೇಡ ಅಂದೆ. ಇಂಥ ಸೊಸೆಯ ಬಾಯಲ್ಲಿ ಬರುವುದಾದರೆ ಬರಲಿ ಬಿಡಿ!" ಶುಕ್ರವಾರ ಕೂಸಿನ ಕಿವಿಯಲ್ಲಿ ಅದೇ ಹೆಸರು ಊದಿದರು.

ಶನಿವಾರ ಬೆಳಿಗ್ಗೆ ರಾಣಿವಾಸದ ಕಿಟಕಿಯಿಂದ ಕೂಗು ಕೇಳಿತು. "ಜಕ್ಕಣಬ್ಬೇ! ಊರೆಲ್ಲ ಎದ್ದರೂ ನಿನಗಿನ್ನೂ ನಿದ್ದೆಯೇನೇ, ಸೋಮಾರಿ?"

ಅರಸರು ನನ್ನನ್ನು ಕರೆಸಿದರು. "ತಿಪ್ಪಣ್ಣ, ಹೀಗಾಗುತ್ತದೆಂದು ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು, ಪ್ರಭು."

"ಮತ್ತೇಕೆ ಬಾಯಿ ಬಿಡಲಿಲ್ಲ?"

"ಇಬ್ಬರು ಗೆಲ್ಲಬೇಕೆಂದು ಅಪ್ಪಣೆಯಾಗಿತ್ತು. ಮೂವರು ಗೆದ್ದರೆ ತಪ್ಪೇ?"

ಅರಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಗಲ ಮೇಲಿನ ಜರತಾರಿ ಶಾಲನ್ನು ತೆಗೆದು ನನಗೆ ಹೊದಿಸಿದರು.

ಬೀಗುತ್ತ ಮನೆಗೆ ಬಂದೆ. ಹೊಸಿಲು ದಾಟುವ ಮೊದಲೇ ಹೆಂಡತಿ ಶಾಲು ಕಿತ್ತುಕೊಂಡಳು. ಜಗಲಿಯಲ್ಲಿದ್ದ ನನ್ನ ತಾಯಿ ಮುಟ್ಟಿ ನೋಡಲು ಕೈ ಚಾಚಿದಳು.

"ಲೇ ಮಾಳವ್ವಾ, ಮುಟ್ಟಬೇಡವೇ! ಕೊಳೆ ಮಾಡ್ತೀಯ!" ಎಂದು ಕೂಗಿದಳು ಹೆಂಡತಿ.

ಮಗಳು ಮನೆಯಲ್ಲೇ ಇರಲಿಲ್ಲ.