ಬಾಗಿಲು ತೆರೆಯುವ ಮೊದಲೇ ಕೇಳಿದ ಪ್ರಶ್ನೆ

ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಶಿಷ್ಯ ಕೇಳಿದ: "ಗುರುಗಳೇ, ಜನರಿಗೆ ವೆಬ್‌ಸೈಟಿನ ಹೆಸರು ನೋಂದಾಯಿಸಿಕೊಡುವ ಕಂಪನಿ ತೆರೆಯಬೇಕೆಂದಿದ್ದೇನೆ. ಬಂಡವಾಳವಿದೆ, ಕಂಪ್ಯೂಟರುಗಳಿವೆ, ಕೆಲಸ ಬಲ್ಲವರಿದ್ದಾರೆ. ಇನ್ನೇನು ಬೇಕು?"

ಗುರುಗಳು ಹೇಳಿದರು: "ಸರಿಯಾದವನನ್ನೇ ಕೇಳಿದೆ. ಅಂತರಜಾಲ ಹುಟ್ಟಿದಾಗ ತೊಟ್ಟಿಲು ತೂಗಿ, ಕಿವಿಯಲ್ಲಿ ಹೆಸರು ಉಸುರಿದವನೇ ನಾನು. ಸುಳ್ಳು ಕಣಯ್ಯಾ, ಒಂದು ಇಮೇಲ್ ಕಳಿಸುವುದಕ್ಕೂ ನನಗೆ ಪಕ್ಕದ ಮನೆಯವರು ಬೇಕು. ಆದರೆ ಈ ಕತೆ ನಿಜ. ಮುಕ್ಕಾಲು ಪಾಲು.

"ಒಬ್ಬ ವರ್ತಕನಿದ್ದ. ಅವನಿಗೂ ಇದೇ ಆಸೆ. ಕಚೇರಿ ಮಾಡಿದ, ಪೂಜೆ ಮಾಡಿಸಿದ, ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದ. ಪರವಾನಗಿ ಕೊಡುವ ಸಂಸ್ಥೆಯವರು ಬಂಡವಾಳ ನೋಡಿದರು, ಯಂತ್ರಗಳನ್ನು ಪರೀಕ್ಷಿಸಿದರು. ಎಲ್ಲ ಸರಿಯಿತ್ತು. ಕೊನೆಗೆ, 'ನಾಳೆ ನಿಮ್ಮ ಕಂಪನಿ ಮುಚ್ಚಿದರೆ?' ಎಂದರು.

"ವರ್ತಕನಿಗೆ ಸಿಟ್ಟು ಬಂತು. 'ಬಾಗಿಲು ತೆರೆಯುವ ಮೊದಲೇ ಇಂಥ ಮಾತೇ ಸ್ವಾಮಿ? ಬಿಡ್ತು ಅನ್ನಿ.'

"ಅವರು ಬಿಡ್ತು ಅನ್ನಲಿಲ್ಲ. ಅರ್ಜಿಯನ್ನು ಹಿಂದಕ್ಕೆ ಕೊಟ್ಟರು.

"ಅದೇ ವಾರ ಬೋರ್ಡು ನೋಡಿ ಹೆಂಗಸೊಬ್ಬಳು ಬಂದಳು. ಹಪ್ಪಳದ ವ್ಯಾಪಾರ. ಉಪ್ಪಿನಕಾಯಿಯೂ ಇರಬಹುದು, ನಾನು ತಿಂದಿಲ್ಲ. ಅವಳ ವೆಬ್‌ಸೈಟಿನ ಹೆಸರು ನೋಂದಾಯಿಸಿದ್ದ ಕಂಪನಿಯವನು ಬೀಗ ಹಾಕಿಕೊಂಡು ಹೋಗಿದ್ದ. ಯಾವ ಹೆಸರು ಯಾರದೆಂದು ಬಲ್ಲವನು ಅವನೊಬ್ಬನೇ. ನವೀಕರಣಕ್ಕೆ ಕೇಳುವವರಿಲ್ಲದೆ ಹೆಸರು ಕೈತಪ್ಪಿತು. ಆರ್ಡರು ನಿಂತವು. ಅವಳ ಜೊತೆ ಲಟ್ಟಿಸುವವರೂ ಮನೆಯಲ್ಲಿ ಕೂತರು.

"'ಅಣ್ಣಾ, ಹೊಸ ಹೆಸರು ನಿಮ್ಮ ಹತ್ತಿರ ಮಾಡಿಸ್ತೀನಿ. ನೀವೂ ಹೋಗ್ಬಿಟ್ರೆ ಯಾರನ್ನ ಕೇಳ್ಲಿ?' ಎಂದಳು.

"ಅವಳಿಗೆ ಬಿಡ್ತು ಅನ್ನು ಎನ್ನಲು ವರ್ತಕನಿಗೆ ಬಾಯಿ ಬರಲಿಲ್ಲ.

"ಯಾವ ಹೆಸರು ಯಾರದೆಂಬ ವಿವರದ ಒಂದು ನಕಲು ದಿನವೂ ಹೊರಗಿನವರೊಬ್ಬರ ವಶಕ್ಕೆ ಹೋಗುವಂತೆ ಏರ್ಪಾಡು ಮಾಡಿದ. ತಾನು ಮುಚ್ಚಿದರೆ ಇನ್ನೊಂದು ಕಂಪನಿ ಗಿರಾಕಿಗಳನ್ನು ವಹಿಸಿಕೊಳ್ಳುವಂತೆ ಒಪ್ಪಂದ ಮಾಡಿಕೊಂಡ. ಪರವಾನಗಿ ಸಿಕ್ಕಿತು. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮುಳುಗಿತು."

"ಮುಳುಗಿತೇ? ಆ ಹೆಂಗಸು?"

"ಅವತ್ತೂ ಆರ್ಡರು ಬಂತು. ಲಟ್ಟಿಸುತ್ತಿದ್ದಳು. ಇವನು ಮುಚ್ಚಿದ್ದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ."

"ಏನು ಬೇಕೆಂದು ಕೇಳಿದರೆ ಸೋತವನ ಕತೆ ಹೇಳಿದಿರಲ್ಲ ಗುರುಗಳೇ."

"ನೀನು ಸೋತದ್ದು ಗಿರಾಕಿಗೆ ತಟ್ಟದಂತೆ ಸೋಲಲು ಬರುತ್ತದೆಯೇ? ಬಂದರೆ ಬಾಗಿಲು ತೆರೆ."

ಶಿಷ್ಯ ಬೆರಳು ಮಡಚಿ ಏನೋ ಲೆಕ್ಕ ಹಾಕತೊಡಗಿದ.

ಗುರುಗಳು ಎದ್ದು ಪಂಚೆ ಕೊಡವಿಕೊಂಡರು. "ಯೋಚನೆ ಆಮೇಲೆ ಮಾಡುವೆಯಂತೆ. ಮೊದಲು ನನ್ನ ಟೀ ದುಡ್ಡು ಕೊಟ್ಟು ಬಾ."