ದೊರೆ ಕೆತ್ತಿದ ಹಲಗೆ

ಮೂಡಣ ಕಡಲಿನ ಕೊರಿಯ ದೇಶದಲ್ಲಿ ಬಹುಕಾಲದ ಹಿಂದೆ ದಾಮುನ್ ಎಂಬ ಒಬ್ಬ ಭಿಕ್ಷು ಇದ್ದರು. ಆ ನಾಡಿನ ಚರಿತ್ರೆಯಲ್ಲಿ ಅವರ ಹೆಸರು ಹುಡುಕಹೋಗಬೇಡಿ, ಸಿಗುವುದಿಲ್ಲ. ಅವರು ಕಥೆಗೆ ಸೇರಿದವರು. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಇದ್ದದ್ದು ಕಡಲ ತೀರದಲ್ಲಿ ಹುಲ್ಲು ಹೊದಿಸಿದ ಒಂದು ಉದ್ದನೆಯ ಚಪ್ಪರ. ಅದರ ಕೆಳಗೆ ಇಪ್ಪತ್ತು ಮಂದಿ ಕುಳಿತು ಬುದ್ಧವಚನವನ್ನು ಮರದ ಹಲಗೆಗಳ ಮೇಲೆ ಅಕ್ಷರ ಅಕ್ಷರವಾಗಿ ಕೆತ್ತುತ್ತಿದ್ದರು. ಆ ಹಲಗೆಗೆ ಮಸಿ ಬಳಿದು ಕಾಗದ ಒತ್ತಿದರೆ ಒಂದು ಪುಟವಾಗುತ್ತದೆ. ಒಂದೊಂದು ಅಕ್ಷರಕ್ಕೂ ಮೊದಲು ಎದ್ದು ನಿಂತು ನಮಸ್ಕರಿಸಬೇಕು, ಆಮೇಲೆ ಉಳಿ ಹಿಡಿಯಬೇಕು.

ದಾಮುನ್ ಸ್ವಾಮಿಗಳು ತಮಗಾಗಿ ಇಟ್ಟುಕೊಂಡಿದ್ದು ಯಾರಿಗೂ ಬೇಡವಾದ ಕೆಲಸ. ಮರವನ್ನು ಕಡಲ ನೀರಿನಲ್ಲಿ ನೆನೆಹಾಕುವುದು, ಉಪ್ಪುನೀರಿನಲ್ಲಿ ಕುದಿಸುವುದು, ನೆರಳಿನಲ್ಲಿ ಒಣಗಿಸುವುದು, ಮತ್ತೆ ಕೆತ್ತುವವರ ತಪ್ಪುಗಳನ್ನು ಸರಿಪಡಿಸುವುದು. ಉಪ್ಪಿಗೆ ಅವರ ಅಂಗೈಗಳು ಬಿರಿದುಹೋಗಿದ್ದವು.

ಆ ಚಪ್ಪರದಲ್ಲಿ ಅವರು ಒಂದು ಪದ್ಧತಿ ಹಾಕಿದ್ದರು. ಯಾರ ಕೈಯಲ್ಲಿ ಅಕ್ಷರ ತಪ್ಪಿತೋ ಅವರು ಹಲಗೆಯನ್ನು ಎದೆಗವಚಿಕೊಂಡು ಎದ್ದು ನಿಂತು, "ಇದು ನನ್ನ ಕೈಯ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಉಳಿದವರು ಕೆಲಸ ನಿಲ್ಲಿಸಿ, ಎದ್ದು, ಅವರಿಗೆ ಕೈಮುಗಿಯಬೇಕು. ಆಮೇಲೆ ಸ್ವಾಮಿಗಳು ಆ ಅಕ್ಷರವನ್ನು ಬುಡಸಹಿತ ಕೊರೆದು ತೆಗೆದು, ಆ ಗುಂಡಿಯಲ್ಲಿ ಹೊಸ ಮರದ ಚೂರೊಂದನ್ನು ತೇಪೆಯಾಗಿ ತಟ್ಟಿ ಕೂರಿಸುವರು. ಅದರ ಮೇಲೆ ತಪ್ಪಿದವರೇ ಮತ್ತೆ ಕೆತ್ತಬೇಕು. ಅಷ್ಟೇ. ಬೈಗುಳವಿಲ್ಲ, ಶಿಕ್ಷೆಯಿಲ್ಲ.

ಆಗ ಆ ನಾಡನ್ನು ಆಳುತ್ತಿದ್ದವರು ಹೀದೊ ಮಹಾರಾಜರು. ಹತ್ತೊಂಬತ್ತನೆಯ ವಯಸ್ಸಿಗೇ ಪಟ್ಟವೇರಿದವರು. ಉತ್ತರದ ಕುದುರೆದಂಡು ಎರಡು ಸಲ ನುಗ್ಗಿ ಬಂದಾಗಲೂ ರಾಜಧಾನಿ ಬಿಟ್ಟು ಓಡಲಿಲ್ಲ. ಬೆಳೆ ಕೈಕೊಟ್ಟ ವರ್ಷ ಅರಮನೆಯ ಕಣಜ ತೆರೆಸಿ, ತಾವೂ ಒಂದೇ ಹೊತ್ತು ಗಂಜಿ ಕುಡಿದು ಕಾಲ ಹಾಕಿದರು. ಒಳ್ಳೆಯ ದೊರೆ ಎಂದು ಜನ ಕೊಂಡಾಡುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆಳ್ವಿಕೆಯ ಹನ್ನೊಂದನೆಯ ವರ್ಷದಲ್ಲಿ, ಯಾರೋ ಆಸ್ಥಾನಿಕ ಚಾಡಿ ಹೇಳಿದನೆಂದು, ಒಡಹುಟ್ಟಿದ ತಮ್ಮ ಉಗ್ಯೋಮರನ್ನು ರಾಜದ್ರೋಹಿಯೆಂದು ದೂರದ ಒಂದು ಬೆಸ್ತರ ದ್ವೀಪಕ್ಕೆ ಅಟ್ಟಿಬಿಟ್ಟರು. ಆರು ವರ್ಷ ಕಳೆದ ಮೇಲೆ ಚಾಡಿಕೋರ ಸಾಯುವ ಹಾಸಿಗೆಯಲ್ಲಿ, ತಾನು ಹೇಳಿದ್ದೆಲ್ಲ ಕಟ್ಟುಕಥೆ ಎಂದು ಒಪ್ಪಿಕೊಂಡ.

ಹಾಗಾದರೆ ತಮ್ಮನನ್ನು ಕರೆಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಆ ದೇಶದಲ್ಲಿ ದೊರೆ ಆಡಿದ ಒಂದೊಂದು ಮಾತನ್ನೂ ಬರೆದಿಡಲು ಒಬ್ಬ ಲೇಖಕ ಸದಾ ಬೆನ್ನ ಹಿಂದೆಯೇ ಇರುತ್ತಾನೆ. ಅವನು ಬರೆದದ್ದನ್ನು ದೊರೆ ಓದುವಂತಿಲ್ಲ, ಅಳಿಸುವಂತೆಯೂ ಇಲ್ಲ. ತಪ್ಪಾಯಿತು ಎಂದು ಒಮ್ಮೆ ಬಾಯಿಬಿಟ್ಟರೆ ಮೊಮ್ಮಕ್ಕಳ ಮೊಮ್ಮಕ್ಕಳೂ ಅದನ್ನು ಓದುತ್ತಾರೆ. ದೊರೆಗೆ ಅದೇ ಭಯ. ಮಂತ್ರಿಗಳು ಸುಲಭದ ದಾರಿಯೊಂದನ್ನು ತೋರಿಸಿದರು: "ಒಪ್ಪಿಕೊಳ್ಳುವ ಮಾತೇಕೆ ಮಹಾಪ್ರಭು? ಸ್ವಹಸ್ತದಿಂದ ಒಂದು ಹಲಗೆ ಕೆತ್ತಿ ಬುದ್ಧನಿಗೆ ಅರ್ಪಿಸಿ. ಪುಣ್ಯ ಬಂದರೆ ಪಾಪ ತಾನಾಗಿ ಹೋಗುತ್ತದೆ." ಮಂತ್ರಿಗಳಿಗೇನು, ದ್ವೀಪದಲ್ಲಿ ಕೊಳೆಯುತ್ತಿದ್ದುದು ಅವರ ತಮ್ಮನಲ್ಲವಲ್ಲ!

ಮೂರು ವರ್ಷ ದೊರೆ ಕದ ಹಾಕಿಕೊಂಡು ಕೆತ್ತಿದರು. ಕೊನೆಯ ಸಾಲಿನಲ್ಲಿ ಉಳಿ ಜಾರಿತು, ಒಂದು ಅಕ್ಷರ ಕೆಟ್ಟಿತು.

ವಸಂತದ ಒಂದು ಬೆಳಿಗ್ಗೆ ಅವರು ಆ ಹಲಗೆಯನ್ನು ರೇಷ್ಮೆಯಲ್ಲಿ ಸುತ್ತಿಕೊಂಡು ಚಪ್ಪರಕ್ಕೆ ಬಂದರು. ಹಿಂದೆಯೇ ಲೇಖಕ. ಕೆಲಸದವರೆಲ್ಲ ನೆಲಕ್ಕೆ ಹಣೆ ಹಚ್ಚಿ ಮತ್ತೆ ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಸ್ವಾಮಿಗಳು ಉಪ್ಪುನೀರಿನ ಕೊಪ್ಪರಿಗೆಯಿಂದ ಕೈ ತೆಗೆದು, ಕಾಷಾಯಕ್ಕೆ ಒರೆಸಿಕೊಳ್ಳುತ್ತ ಬಂದರು.

"ಪೂಜ್ಯರೇ," ಎಂದರು ದೊರೆ ತಗ್ಗಿದ ದನಿಯಲ್ಲಿ, "ಒಂದು ಅಕ್ಷರ ತಪ್ಪಿದೆ. ಯಾರಿಗೂ ತಿಳಿಯದ ಹಾಗೆ ಸರಿಮಾಡಿಕೊಡಿ. ಆಗದಿದ್ದರೆ ಇದನ್ನು ಒಲೆಗೆ ಹಾಕಿ. ಇನ್ನೂ ಮೂರು ವರ್ಷ ಕೂತು ಬೇರೆ ಕೆತ್ತುತ್ತೇನೆ. ದೊರೆಯ ಹಲಗೆಯಲ್ಲಿ ತೇಪೆ ಇರಬಾರದು."

ಸ್ವಾಮಿಗಳು ಮಗುವನ್ನು ಕರೆದೊಯ್ಯುವಂತೆ ದೊರೆಯ ಕೈಹಿಡಿದು, ಸಾಲಾಗಿ ಜೋಡಿಸಿದ್ದ ಹಲಗೆಗಳ ಬಳಿ ಕರೆದೊಯ್ದು, ಅವರ ಬೆರಳುಗಳನ್ನು ಒಂದೊಂದರ ಮೇಲೂ ಆಡಿಸಿದರು. ಎಲ್ಲದರಲ್ಲೂ ತೇಪೆಯಿತ್ತು. ಕೆಲವುಗಳಲ್ಲಿ ಏಳೆಂಟು.

"ಹಲಗೆಯನ್ನು ಎದೆಗವಚಿ, ತಪ್ಪು ತನ್ನ ಕೈಯದೆಂದು ಎಲ್ಲರೆದುರು ಹೇಳಿದ ಮೇಲೇ ನಾನು ಉಳಿ ಹಿಡಿಯುವುದು ದೊರೆಗಳೇ," ಎಂದರು. "ಯಾರೇ ಬಂದರೂ ಅಷ್ಟೇ."

ದೊರೆ ಲೇಖಕನತ್ತ ತಿರುಗಿ ನೋಡಿದರು. ಅವನ ಕುಂಚ ಮಸಿಯಲ್ಲಿ ಅದ್ದಿ ಸಿದ್ಧವಾಗಿತ್ತು. ಅಲ್ಲಿಂದ ಹಾಗೇ ಹೊರಟುಹೋಗಬಹುದಿತ್ತು, ತಡೆಯುವವರು ಯಾರು? ಆದರೆ ತಮ್ಮನನ್ನು ಅಟ್ಟಿದ ಮೇಲೆ, ಒಂಬತ್ತು ವರ್ಷದಿಂದ ಅವರು ನೆಮ್ಮದಿಯಾಗಿ ಒಂದು ತುತ್ತು ಉಂಡಿರಲಿಲ್ಲ. ರೇಷ್ಮೆ ಬಿಚ್ಚಿ ಕೆಳಗೆ ಹಾಕಿ, ಹಲಗೆಯನ್ನು ಎದೆಗವಚಿಕೊಂಡರು.

"ಇದು ನನ್ನ ಕೈಯ ತಪ್ಪು."

ಇಪ್ಪತ್ತು ಉಳಿಗಳು ನಿಂತವು. ಬೆಸ್ತರ ವಿಧವೆಯರು, ಕಾಲು ಕಳೆದುಕೊಂಡ ಸೈನಿಕರು, ಮುದುಕ ಬಡಗಿಗಳು, ಎಲ್ಲರೂ ಎದ್ದು ಕೈಮುಗಿದರು. ಅದುವರೆಗೆ ಜನ ಮುಗಿದದ್ದೆಲ್ಲ ಸಿಂಹಾಸನಕ್ಕೆ. ಈ ನಮಸ್ಕಾರ ತಮಗೇ ಬಂದದ್ದೆಂದು ದೊರೆಗೆ ತಿಳಿಯಿತು. "ಅಕ್ಷರ ಒಂದೇ ಅಲ್ಲ," ಎಂದರು. "ನನ್ನ ತಮ್ಮ ನಿರಪರಾಧಿ. ಗೊತ್ತಾಗಿ ಮೂರು ವರ್ಷವಾಯಿತು. ಗೊತ್ತಿದ್ದೂ ಸುಮ್ಮನಿದ್ದೆ." ಲೇಖಕನತ್ತ ತಿರುಗಿ, "ಬರೆಯಪ್ಪ. ಒಂದೂ ಬಿಡದೆ ಬರೆ," ಎಂದರು.

ಸ್ವಾಮಿಗಳು ಕೂತು ತಪ್ಪಕ್ಷರವನ್ನು ಕೊರೆದು ತೆಗೆದರು. "ಇನ್ನು ಪಾಪ ಹೋಯಿತೇ ಪೂಜ್ಯರೇ?" ಎಂದು ದೊರೆ ಕೇಳಿದರು.

"ತಪ್ಪು ಹೊರಗೆ ಬಂತು, ಗುಂಡಿ ಉಳಿಯಿತು," ಎಂದರು ಸ್ವಾಮಿಗಳು. "ಇದನ್ನು ತುಂಬುವ ಮರ ನಿಮ್ಮ ತಮ್ಮನ ದ್ವೀಪದಲ್ಲಿದೆ. ಆಳುಗಳನ್ನು ಕಳಿಸಬೇಡಿ. ನೀವೇ ಹೋಗಿ ತನ್ನಿ."

ದೊರೆ ಅಂದೇ ದೋಣಿ ಹತ್ತಿದರು. ಮೂರನೆಯ ದಿನ ದ್ವೀಪ ಮುಟ್ಟಿದಾಗ ಉಗ್ಯೋಮರು ಬಂಡೆಯ ಮೇಲೆ ತಿನ್ನುವ ಕಡಲಪಾಚಿಯನ್ನು ಒಣಗಲು ಹರವುತ್ತಿದ್ದರು. ತಲೆ ಪೂರ್ತಿ ನರೆತಿತ್ತು, ಕಾಲಲ್ಲಿ ಹುಲ್ಲಿನ ಚಪ್ಪಲಿ. ಗಡಿಪಾರಾದವರನ್ನು ಹುಡುಕಿಕೊಂಡು ಅರಮನೆಯ ದೋಣಿ ಬಂತೆಂದರೆ ಆ ಕಾಲದಲ್ಲಿ ಒಂದೇ ಅರ್ಥ: ವಿಷದ ಬಟ್ಟಲು. ದೋಣಿಯಲ್ಲಿ ದೊರೆಯನ್ನೇ ಕಂಡು ಅವರು ಮಂಡಿಯೂರಿ, ತಲೆಯೆತ್ತದೆಯೇ ಹೇಳಿದರು: "ಕುಡಿಯುತ್ತೇನೆ ಮಹಾಪ್ರಭು. ಇದಿಷ್ಟು ಒಳಗೆ ಇಟ್ಟುಬರಲು ಅಪ್ಪಣೆಯಾಗಲಿ. ಮಳೆ ಬರುವ ಹಾಗಿದೆ, ಊರವರ ಪಾಚಿ, ನೆನೆದರೆ ಕೆಡುತ್ತದೆ."

ದೋಣಿಯಿಂದಿಳಿದ ದೊರೆ ಮೊಣಕಾಲುದ್ದ ನೀರಿನಲ್ಲಿ ಹಾಗೇ ನಿಂತರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಉಳಿದದ್ದು ಚಪ್ಪರದ ಮಾತೊಂದೇ.

"ಉಗ್ಯೋಮ್, ಇದು ನನ್ನ ಕೈಯ ತಪ್ಪು."

ಒಂಬತ್ತು ವರ್ಷದ ಸಿಟ್ಟು ಉಗ್ಯೋಮರಿಗಿತ್ತು, ಇಲ್ಲವೆನ್ನುವುದು ಹೇಗೆ? ಕೊನೆಗೆ ತಲೆಯೆತ್ತಿ, ನೀರಿನಲ್ಲಿ ನಡುಗುತ್ತ ನಿಂತಿದ್ದ, ಸೊರಗಿ ಕಡ್ಡಿಯಾಗಿದ್ದ ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಣ್ಣಾ," ಎಂದರು, "ಊಟ ಆಯಿತಾ?"

ದೊರೆ ಗೊಳೋ ಎಂದು ಅತ್ತರು. ಆಮೇಲೆ ಇಬ್ಬರೂ ಸೇರಿ ಮಳೆ ಬರುವ ಮುಂಚೆ ಪಾಚಿಯನ್ನೆಲ್ಲ ಬಾಚಿ ಒಳಗಿಟ್ಟರು.

ದ್ವೀಪದ ಕಾಡು ಚೆರ್ರಿಯ ಒಂದು ಕೊಂಬೆಯೊಂದಿಗೆ ಅಣ್ಣತಮ್ಮಂದಿರು ಹಿಂತಿರುಗಿದರು. ಆ ಮರವೂ ಕಡಲಲ್ಲಿ ನೆನೆದು, ಉಪ್ಪಲ್ಲಿ ಬೆಂದು, ನೆರಳಲ್ಲಿ ಒಣಗಲೇಬೇಕಿತ್ತು. ದೊರೆಗಾಗಿ ಸ್ವಾಮಿಗಳು ಒಂದು ದಿನವನ್ನೂ ಕಡಿಮೆ ಮಾಡಲಿಲ್ಲ. ವರ್ಷಗಳ ಮೇಲೆ ದೊರೆ ಮತ್ತೆ ಬಂದು ತೇಪೆಯ ಮೇಲೆ ಕೆತ್ತಿದರು. ಮಸಿ ಬಳಿದು ಕಾಗದ ಒತ್ತಿದಾಗ ಆ ಒಂದು ಅಕ್ಷರ ಮಿಕ್ಕವುಗಳಿಗಿಂತ ತುಸು ಕಪ್ಪಾಗಿ ಮೂಡಿತು.

"ಕಾಣುತ್ತದಲ್ಲ ಪೂಜ್ಯರೇ," ಎಂದರು ದೊರೆ.

"ಕಾಣಲಿ ಬಿಡಿ," ಎಂದು ಸ್ವಾಮಿಗಳು ಕೊಪ್ಪರಿಗೆಯ ಕಡೆ ನಡೆದರು.

ಹೀದೊ ಮಹಾರಾಜರು ಮುಂದೆಯೂ ಬಹುಕಾಲ ಆಳಿದರು. ಪ್ರತಿ ಹೊಸ ವರ್ಷದ ಮೊದಲ ಒಡ್ಡೋಲಗದಲ್ಲಿ ಸಿಂಹಾಸನದಿಂದ ಎದ್ದು ನಿಂತು, ಕಳೆದ ವರ್ಷ ತಮ್ಮ ಕೈಯಿಂದಾದ ತಪ್ಪುಗಳನ್ನು ತಾವೇ ಹೇಳುತ್ತಿದ್ದರು, ಲೇಖಕ ಬರೆದುಕೊಳ್ಳುತ್ತಿದ್ದ. ಎತ್ತ ನೋಡಬೇಕೆಂದು ತಿಳಿಯದೆ ಮಂತ್ರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ, ಮುಂದಿನ ಸಾಲಿನಿಂದ ಉಗ್ಯೋಮರು ಎದ್ದು ಅಣ್ಣನಿಗೆ ಕೈಮುಗಿಯುತ್ತಿದ್ದರು.