ದುಗ್ಗಪ್ಪನ ನಾಲಗೆ ಮತ್ತು ತಣ್ಣನೆಯ ಕಲ್ಲು

ಘಟ್ಟದ ರಸ್ತೆಯ ಕೆಳಗೊಂದು ಹಳ್ಳ. ಹಳ್ಳದ ದಡದಲ್ಲಿ ದುಗ್ಗಪ್ಪನೆಂಬ ಉಡ ಇದ್ದ. ಮಕ್ಕಳೇ, ಉಡದ ನಾಲಗೆ ತುದಿಯಲ್ಲಿ ಎರಡಾಗಿ ಸೀಳಿರುತ್ತದೆ. ದುಗ್ಗಪ್ಪನಿಗೆ ಅದರ ಮೇಲೆ ವಿಪರೀತ ಜಂಬ. ಯಾವ ಹಣ್ಣು ಕಳಿತಿದೆ, ಯಾವ ನೀರು ಕೆಟ್ಟಿದೆ, ಎಲ್ಲವನ್ನೂ ಒಮ್ಮೆ ನೆಕ್ಕಿ ತೀರ್ಪು ಕೊಟ್ಟುಬಿಡುವನು. "ಕಣ್ಣು ಮೋಸ ಹೋಗಬಹುದು, ನನ್ನ ನಾಲಗೆ ಹೋಗೋದಿಲ್ಲ," ಎಂದು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ. ಕೇಳಿ ಕೇಳಿ ಆ ನಾಲಗೆಗೇ ಸಾಕಾಗಿದ್ದಿರಬೇಕು.

ಒಂದು ಬೇಸಿಗೆಯಲ್ಲಿ ನೀರುನಾಯಿ ಸಿಂಗಾರಿಯ ಕಾಲಿಗೆ ಗಾಳ ಚುಚ್ಚಿತು. ನಾಲ್ಕು ದಿನ ನೀರಿಗೆ ಇಳಿಯುವಂತಿಲ್ಲ. ಮನೆಯಲ್ಲಿ ಮೂರು ಮರಿಗಳು. ಕೆಳಗಿನ ಹೊಳೆಗೆ ಹೊರಟಿದ್ದ ಅವಳ ಅಣ್ಣಂದಿರು ಒಂದು ರಾಶಿ ಮೀನು ಹಿಡಿದುಕೊಟ್ಟು ಹೋದರು. ಆ ಮೀನು ಕೆಟ್ಟರೆ ಮರಿಗಳಿಗೆ ಉಪವಾಸವೇ ಗತಿ.

"ಸೀಳಿ ಬಂಡೆ ಮೇಲೆ ಒಣಹಾಕೋಣ. ನಾನೂ ಕೈ ಹಾಕ್ತೀನಿ," ಎಂದಳು ಪಕ್ಕದ ಮನೆಯ ಆಮೆ ಗೌರತ್ತೆ.

ಅದೇ ಬೆಳಿಗ್ಗೆ ಮೀನಿನ ಲಾರಿಯೊಂದರಿಂದ ಉದ್ದನೆಯ ಮಂಜುಗಡ್ಡೆ ಜಾರಿ, ಉರುಳುತ್ತಾ ಬಂದು ಹಳ್ಳದ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅಂಥದ್ದನ್ನು ಅಲ್ಲಿ ಯಾರೂ ಕಂಡವರಲ್ಲ. ದುಗ್ಗಪ್ಪ ಹೋಗಿ ನೆಕ್ಕಿದ. ನಾಲಗೆ ಜುಮ್ಮೆಂದಿತು.

"ಸಿಂಗಾರಿ, ಒಣಹಾಕುವ ಕಷ್ಟ ಯಾಕೆ? ಇದು ತಣ್ಣನೆಯ ಕಲ್ಲು. ಇದರ ಮೇಲಿಟ್ಟರೆ ಮೀನು ಕೆಡೋದಿಲ್ಲ."

"ಎಷ್ಟು ದಿನ ಹೀಗೇ ತಣ್ಣಗಿರುತ್ತೆ, ದುಗ್ಗಪ್ಪಣ್ಣ?"

"ಪರೀಕ್ಷೆ ಮಾಡಿ ಹೇಳ್ತೀನಿ."

ಮಧ್ಯಾಹ್ನ ನೆಕ್ಕಿದ. ಬೆಳಿಗ್ಗೆಯಷ್ಟೇ ತಂಪು. ಸಂಜೆ ನೆಕ್ಕಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ದುಗ್ಗಪ್ಪ ಎದೆಯುಬ್ಬಿಸಿ ನಿಂತ. "ಸುತ್ತಲಿನ ಬಂಡೆಗಳೆಲ್ಲ ಕಾದು ಹೋದವು, ಇದು ಮಾತ್ರ ಜಗ್ಗಿಲ್ಲ. ಈ ಕಲ್ಲಿಗೆ ಬಿಸಿಲು ತಾಗೋದೇ ಇಲ್ಲ. ನನ್ನ ನಾಲಗೆಯಾಣೆ, ನಾಲ್ಕು ದಿನ ಏನು, ನಾಲ್ಕು ವರ್ಷ ಬಾಳುತ್ತೆ."

ಸಿಂಗಾರಿ ನಂಬಿದಳು. ಮೀನೆಲ್ಲ ಕಲ್ಲಿನ ಮೇಲೆ ಹೋಯಿತು.

ಮಾರನೆಯ ದಿನ ಗೌರತ್ತೆ ಬಂದು ಕತ್ತು ಚಾಚಿ ನೋಡಿದಳು. "ದುಗ್ಗಪ್ಪ, ನಿನ್ನೆ ಇದು ನನ್ನ ತಲೆಗಿಂತ ಎತ್ತರ ಇತ್ತು. ಇವತ್ತು ಹೊಟ್ಟೆ ಮಟ್ಟಕ್ಕೆ ಬಂದಿದೆ. ಅಡಿಯಲ್ಲಿ ನೀರು ಬೇರೆ ಹರೀತಿದೆ."

"ಅದು ಬೆವರು, ಅತ್ತೆ. ಇಷ್ಟು ದುಡಿದರೆ ಯಾರಿಗಾದರೂ ಬೆವರುತ್ತೆ. ತಂಪು ಕಡಿಮೆ ಆಗಿದೆಯಾ? ನೀವೇ ನೆಕ್ಕಿ ನೋಡಿ."

ಗೌರತ್ತೆ ನೆಕ್ಕಿದಳು. ತಂಪು ನಿನ್ನೆಯಷ್ಟೇ ಇತ್ತು. ತನ್ನ ಕಣ್ಣೇ ಮೋಸ ಹೋಯಿತೇನೋ ಎಂದುಕೊಂಡು ಮನೆಗೆ ಹೊರಟಳು.

ಮೂರನೆಯ ದಿನ ಬೆಳಿಗ್ಗೆ ಕಲ್ಲು ಮಾವಿನಹಣ್ಣಿನಷ್ಟಾಗಿತ್ತು. ಮೀನೆಲ್ಲ ನೆಲಕ್ಕೆ ಬಿದ್ದಿತ್ತು. ದುಗ್ಗಪ್ಪ ಉಳಿದ ಕಲ್ಲನ್ನು ನೆಕ್ಕಿ, "ಗಾತ್ರ ಚಿಕ್ಕದಾದರೇನು, ಇದರ ನಿಯತ್ತು ನೋಡಿ," ಎಂದ. ಒಂದು ಸುತ್ತು ತಿರುಗಾಡಿ ಮಧ್ಯಾಹ್ನ ಮತ್ತೆ ನಾಲಗೆ ಚಾಚಿದರೆ ಕಲ್ಲೇ ಇಲ್ಲ. ಸಿಕ್ಕಿದ್ದು ಉಗುರುಬೆಚ್ಚಗಿನ ನೀರು. ಮೀನಿಗೆ ನೊಣ ಮುತ್ತಿತ್ತು. ಅದು ಕೆಟ್ಟಿದೆಯೆಂದು ಹೇಳಲು ಯಾರ ನಾಲಗೆಯೂ ಬೇಕಿರಲಿಲ್ಲ.

ಸಿಂಗಾರಿ ಬೈಯಲಿಲ್ಲ. ಮರಿಗಳನ್ನು ಹತ್ತಿರ ಎಳೆದುಕೊಂಡಳು. ಚಿಕ್ಕ ಮರಿ ಮಾತ್ರ, "ಮಾವಾ, ಊಟ?" ಎಂದು ಕೇಳಿತು. ದುಗ್ಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅತ್ತೆ, ಎರಡು ದಿನ ಒಂದೇ ಸಮ ತಣ್ಣಗಿತ್ತಲ್ಲ. ಬಿಸಿಲಿನ ಕಾವೆಲ್ಲ ಎಲ್ಲಿ ಹೋಗಿತ್ತು?" ಎಂದು ಅವನು ಗೌರತ್ತೆಯನ್ನು ಕೇಳಿದ.

ಗೌರತ್ತೆ ಯೋಚಿಸಿ ಹೇಳಿದಳು. "ಕಲ್ಲನ್ನು ನೀರು ಮಾಡೋದಕ್ಕೇ ಅಷ್ಟೂ ಕಾವು ಖರ್ಚಾಯ್ತು. ಆ ಕೆಲಸ ಮುಗಿಯೋವರೆಗೆ ಅದು ನಿನ್ನ ನಾಲಗೆಗೆ ಸಿಗಲಿಲ್ಲ. ಕಲ್ಲು ಪೂರ್ತಿ ಕರಗಿದ ಮೇಲೆ ನೀರನ್ನ ಬೆಚ್ಚಗೆ ಮಾಡೋಕೆ ಹೊರಟಿತು. ಎಷ್ಟು ತಣ್ಣಗಿದೆ ಅಂತ ನೋಡಿದೆ ನೀನು, ಕಲ್ಲು ಎಷ್ಟು ಉಳಿದಿದೆ ಅಂತ ನೋಡಲಿಲ್ಲ. ನಾನು ನೋಡಿದೆ, ಆದರೆ ನಿನ್ನ ಮಾತಿಗೆ ಬಾಯಿ ಮುಚ್ಚಿಕೊಂಡೆ. ನನಗೂ ಬುದ್ಧಿ ಕಮ್ಮಿಯೇ."

"ನನ್ನಷ್ಟಲ್ಲ ಬಿಡಿ. ಎರಡು ತುದಿಯ ನಾಲಗೆ, ಒಂದು ತುದಿಗಾದರೂ ತಲೆ ಓಡಬೇಕಿತ್ತು," ಎಂದ ದುಗ್ಗಪ್ಪ.

ಅವನು ಆಗಲೇ ಹಳ್ಳದ ಕೆಸರಿಗಿಳಿದ. ಸಂಜೆಯವರೆಗೆ ಕಲ್ಲು ಮಗುಚಿ ಏಡಿ ಹುಡುಕಿದ. ಮೊದಲನೆಯ ಏಡಿಯನ್ನು ಅಭ್ಯಾಸಬಲದಿಂದ ನೆಕ್ಕಲು ಹೋದಾಗ ಅದು ನಾಲಗೆಯನ್ನೇ ಕಚ್ಚಿ ಹಿಡಿಯಿತು. ನಾಲಗೆ ಬದನೆಕಾಯಿಯಂತೆ ಊದಿಕೊಂಡಿತು. ಆದರೂ ಸಿಂಗಾರಿಯ ಕಾಲು ವಾಸಿಯಾಗುವವರೆಗೆ ಅವನು ಮರಿಗಳನ್ನು ಉಪವಾಸ ಕೆಡವಲಿಲ್ಲ.

ಕೊನೆಯ ದಿನ ಚಿಕ್ಕ ಮರಿ ಕೇಳಿತು, "ಮಾವಾ, ಈ ಏಡಿ ಚೆನ್ನಾಗಿದೆಯಾ?"

ದುಗ್ಗಪ್ಪನ ನಾಲಗೆ ತಾನಾಗಿಯೇ ಹೊರಬಂತು. ಅದನ್ನು ಒಳಗೆಳೆದುಕೊಂಡು ಅವನೆಂದ, "ಕಣ್ಣಲ್ಲಿ ನೋಡಿದ್ದೀನಿ, ಮೂಸಿದ್ದೀನಿ, ಕಾಲು ಆಡಿಸುತ್ತಾ ಅಂತ ಕಾದು ಕೂತಿದ್ದೀನಿ. ಆದರೂ ತಡಿ, ಗೌರತ್ತೆಯನ್ನ ಒಂದು ಮಾತು ಕೇಳಿ ಬರ್ತೀನಿ."

ನೀತಿ: ಒಂದೇ ಅಳತೆಯನ್ನು ನಂಬಿ ಕೂತವನಿಗೆ ಕಣ್ಣೆದುರು ಕರಗುತ್ತಿರುವುದೂ ಕಾಣುವುದಿಲ್ಲ.